ಹೆಸರಿನ ಮುಂದಿನ ಚುಕ್ಕಿ

ಇದನ್ನು ಬರೆಯಬೇಕೋ ಬೇಡವೋ ಎಂದು ಬಹಳ ದಿನ ಯೋಚಿಸಿದೆ. ದೆವ್ವ, ಗಾಳಿ, ಸೋಂಕು ಇವನ್ನೆಲ್ಲ ನಂಬಿ ಬೆಳೆದವನಲ್ಲ ನಾನು. ಹುಕ್ಕೇರಿಯ ನಮ್ಮ ಮನೆಯಲ್ಲಿ ಹೊತ್ತು ಮುಳುಗುವ ಮೊದಲೇ ಊಟ ಮುಗಿಸಿ, ಬಸದಿಯ ಕಡೆಗೆ ಕೈ ಮುಗಿದು, ಬೇಗ ಹಾಸಿಗೆ ಸೇರುವ ಜನ. ರಾತ್ರಿ ಕುಳಿತು ಹೆದರಿಸುವ ಕಥೆ ಹೇಳಲು ಅಲ್ಲಿ ಯಾರೂ ಎಚ್ಚರವೇ ಇರುತ್ತಿರಲಿಲ್ಲ.

ಆದರೆ ನಡೆದದ್ದು ನಡೆದದ್ದೇ. ಆ ರಾತ್ರಿ ನನಗೆ ಜ್ವರವಿರಲಿಲ್ಲ, ನಿದ್ದೆಗಣ್ಣೂ ಅಲ್ಲ. ಪರದೆಯ ಮೇಲೆ ಕಂಡದ್ದನ್ನು ಕಣ್ಣಾರೆ ಕಂಡಿದ್ದೇನೆ. ನನ್ನ ಜೊತೆ ಅರ್ಧ ದಾರಿ ಬಂದ ಇನ್ನೊಬ್ಬನೂ ಸ್ವಲ್ಪ ಕಂಡಿದ್ದಾನೆ. ಅವನು ಈಗಲೂ ನಾಗನೂರಿನಲ್ಲಿದ್ದಾನೆ, ಕೇಳಿದರೆ ಮಾತು ಬದಲಿಸುತ್ತಾನೆ.

ಹೊಸ ಶತಮಾನ ಶುರುವಾಗುವ ಸ್ವಲ್ಪ ಮುಂಚಿನ ಮಾತು. ಘಟಪ್ರಭಾದಿಂದ ಒಳಗೆ, ಕಬ್ಬಿನ ಹೊಲಗಳ ನಡುವೆ ಇದ್ದ ಒಂದು ಸಕ್ಕರೆ ಕಾರ್ಖಾನೆಯಲ್ಲಿ ನಾನು ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದೆ. ಕಾರ್ಖಾನೆಯ ಹೆಸರು ಬೇಡ. ಆಫೀಸಿನ ಹಿಂದೆ ಒಂದು ಎಸಿ ಖೋಲಿ, ಅದರಲ್ಲಿ ಒಂದು ದೊಡ್ಡ ಯಂತ್ರ. ಅದರಿಂದ ತಂತಿ ಎಳೆದು ಬೇರೆ ಬೇರೆ ವಿಭಾಗಗಳಲ್ಲಿ ಪರದೆ ಮತ್ತು ಕೀಬೋರ್ಡು ಇಟ್ಟಿದ್ದರು: ಕಬ್ಬು ವಿಭಾಗ, ಸ್ಟೋರು, ಹಾಜರಿ ಆಫೀಸು, ಮತ್ತೆ ಎಲ್ಲಕ್ಕಿಂತ ದೂರದಲ್ಲಿ ಕಾಟಾ. ಕಬ್ಬಿನ ಗಾಡಿ, ಟ್ರ್ಯಾಕ್ಟರು ತೂಗುವ ಜಾಗಕ್ಕೆ ನಮ್ಮಲ್ಲಿ ಕಾಟಾ ಅಂತಲೇ ಹೆಸರು. ಒಂದೊಂದು ಪರದೆಯನ್ನೂ ಪಾಳಿಯ ಪ್ರಕಾರ ಹಲವರು ಬಳಸುತ್ತಿದ್ದರು. ಕೂತವನು ತನ್ನ ಹೆಸರು, ಪಾಸ್‌ವರ್ಡ್ ಕೊಟ್ಟು ಒಳಗೆ ಹೋಗಬೇಕು, ಏಳುವಾಗ ಹೊರಗೆ ಬರಬೇಕು. ಆದರೆ ಚಹಾಕ್ಕೆ ಎದ್ದವರು ಯಾರೂ ಹೊರಗೆ ಬರುತ್ತಿರಲಿಲ್ಲ.

ಒಮ್ಮೆ ಕಾಟಾದ ಗುಮಾಸ್ತ ಶಿವಲಿಂಗಪ್ಪ ಊಟಕ್ಕೆ ಎದ್ದಾಗ ಅವರ ಹೆಸರಿನಲ್ಲೇ ಯಾರೋ ಒಂದು ಗಾಡಿಯ ತೂಕ ತಿದ್ದಿಬಿಟ್ಟರು. ರೈತರು ಗಲಾಟೆ ಮಾಡಿದರು. ಏನೂ ಅರಿಯದ ಶಿವಲಿಂಗಪ್ಪ ಸಾಹೇಬರ ಮುಂದೆ ತಲೆ ತಗ್ಗಿಸಿ ನಿಲ್ಲಬೇಕಾಯಿತು. ಅದಾದ ಮೇಲೆ ಬೆಳಗಾವಿಯಿಂದ ಕಂಪನಿಯ ಎಂಜಿನಿಯರ್ ಬಂದು ಒಂದು ಹೊಸ ಪ್ರೋಗ್ರಾಂ ಹಾಕಿದರು. ಹತ್ತು ನಿಮಿಷ ಯಾರೂ ಕೀಲಿ ಒತ್ತದಿದ್ದರೆ ಯಂತ್ರವೇ ಪೀಂ ಪೀಂ ಎಂದು ಕೂಗಿ, ಕೂತವರನ್ನು ತಾನಾಗಿ ಹೊರಗೆ ಹಾಕುತ್ತಿತ್ತು.

ಇದರಿಂದ ಎಲ್ಲರಿಗಿಂತ ಹೆಚ್ಚು ಬೇಸರವಾದದ್ದು ಶಿವಲಿಂಗಪ್ಪನವರಿಗೇ.

ಮಮದಾಪುರದವರು. ಹಣೆ ತುಂಬ ವಿಭೂತಿ, ಬಿಳಿ ಟೊಪ್ಪಿಗೆ, ಧೋತರ. ಚಕ್ಕಡಿಗಳ ಕಾಲದಿಂದ ಕಾಟಾದಲ್ಲಿ ಕೂತವರು. ಐವತ್ತು ದಾಟಿದ ಮೇಲೆ ಕೀಬೋರ್ಡು ಕಲಿತರು, ಅದೂ ಒಂದೇ ಬೆರಳಿನಲ್ಲಿ.

“ಇದೇನ್ರಿ ಭರತೇಶ ಸಾಹೇಬ್ರ, ಸುಮ್ಮ ಕುಂತ್ರ ಕೊಳ್ಳ ಹಿಡದು ಹೊರಗ ಹಾಕತೈತಿ?” ಎಂದು ನನ್ನ ಖೋಲಿಗೇ ಬಂದಿದ್ದರು.

“ಕಾಕಾ, ನಡುನಡುವ ಒಂದ ಕೀಲಿ ಒತ್ತಕೋತ ಇರ್ರಿ. ಹೊರಗ ಹಾಕೂದಿಲ್ಲ.”

“ಅಂದ್ರ ನಾ ಇನ್ನೂ ಜೀವಂತ ಅದೇನಿ ಅಂತ ಅದಕ್ಕ ಹೇಳಕೋತ ಕುಂಡ್ರಬೇಕು!”

ಇಬ್ಬರೂ ನಕ್ಕೆವು. ಅಂದಿನಿಂದ ಅವರು ಹಾಗೆಯೇ ಮಾಡತೊಡಗಿದರು. ಗಾಡಿ ಇಲ್ಲದಾಗಲೂ ಆಗೀಗ ಒಂದು ಕೀಲಿ ಒತ್ತಿ ತಮ್ಮ ಜಾಗ ಹಿಡಿದಿರುತ್ತಿದ್ದರು. ನನ್ನ ಪರದೆಯ ಮೇಲೆ ಯಾರ್ಯಾರು ಒಳಗಿದ್ದಾರೆ ಎನ್ನುವ ಪಟ್ಟಿ ತೆಗೆದರೆ, ಪ್ರತಿಯೊಬ್ಬರ ಹೆಸರಿನ ಮುಂದೆ ಎಷ್ಟು ನಿಮಿಷದಿಂದ ಸುಮ್ಮನಿದ್ದಾರೆ ಎನ್ನುವುದು ಬರುತ್ತಿತ್ತು. ಈಗ, ಇದೇ ನಿಮಿಷದಲ್ಲಿ ಕೀಲಿ ಒತ್ತಿದ್ದರೆ ಅಂಕಿಯ ಬದಲು ಒಂದು ಚುಕ್ಕಿ. ಶಿವಲಿಂಗಪ್ಪನವರ ಹೆಸರಿನ ಮುಂದೆ ಚುಕ್ಕಿ ಕಂಡಾಗ ದೂರದ ಕಾಟಾದಲ್ಲಿ ಆ ಒಂದು ಬೆರಳು ಅಲ್ಲಾಡಿದ್ದು ನನಗೆ ಇಲ್ಲಿ ಕೂತಲ್ಲೇ ತಿಳಿಯುತ್ತಿತ್ತು.

ಕಬ್ಬು ನುರಿಸುವ ಹಂಗಾಮು ಮುಗಿಯಿತು. ಕೂಲಿಯವರು, ಗಾಡಿಯವರು, ಚಹಾದಂಗಡಿಯವರು ಎಲ್ಲ ಹೋದರು. ಶಿವಲಿಂಗಪ್ಪನಂಥ ಹಂಗಾಮಿನ ನೌಕರರು ತಮ್ಮ ತಮ್ಮ ಊರಿಗೆ ಹೋದರು. ತಿಂಗಳುಗಟ್ಟಲೆ ಹಗಲೂ ರಾತ್ರಿ ಗುಡುಗುತ್ತಿದ್ದ ಕಾರ್ಖಾನೆ ಒಮ್ಮೆಲೇ ಬಾಯಿ ಮುಚ್ಚಿದರೆ ಹೇಗಿರುತ್ತದೆ ಎನ್ನುವುದು ಅಲ್ಲಿ ಇದ್ದವರಿಗೇ ಗೊತ್ತು. ಆ ಸದ್ದು ನಿಂತ ಮೇಲೂ ಕಿವಿಯಲ್ಲಿ ಅದರ ಗುಂಯ್ ಉಳಿದಿರುತ್ತದೆ. ಗಾಳಿಯಲ್ಲಿ ಕಾಕಂಬಿಯ ಹುಳಿ ವಾಸನೆ. ಎತ್ತರದ ತಗಡಿನ ಛಾವಣಿಯಲ್ಲಿ ಪಾರಿವಾಳ.

ಆ ವರ್ಷ ನಾನೂ ಒಬ್ಬನೇ ಆಗಿದ್ದೆ. ಹೆಂಡತಿ ಮೊದಲ ಬಾಣಂತನಕ್ಕೆ ಮೂಡಲಗಿಯ ತವರಿಗೆ ಹೋಗಿದ್ದಳು. ಘಟಪ್ರಭಾದ ಬಾಡಿಗೆ ಖೋಲಿಯಲ್ಲಿ ನನ್ನ ಜೊತೆ ಮಾತಾಡುವವರೆಂದರೆ ಖಾನಾವಳಿಯ ಅವ್ವ ಮಾತ್ರ. ಅವಳೂ “ಇನ್ನೊಂದ ರೊಟ್ಟಿ ಹಾಕಲೇನು?” ಎನ್ನುವುದಕ್ಕಿಂತ ಹೆಚ್ಚು ಮಾತಾಡುತ್ತಿರಲಿಲ್ಲ. ಕೆಲವು ದಿನ ನನ್ನ ದನಿ ನನಗೇ ಕೇಳಿಸದೆ ಹೊತ್ತು ಮುಳುಗುತ್ತಿತ್ತು.

ಆಷಾಢ. ನಮ್ಮ ಕಡೆ ಆಷಾಢವೆಂದರೆ ಮಳೆಗಿಂತ ಗಾಳಿ. ಹಂಗಾಮಿನ ಲೆಕ್ಕವನ್ನೆಲ್ಲ ಯಂತ್ರದಲ್ಲಿ ಹೊಸದಾಗಿ ಜೋಡಿಸಿಡುವ ಕೆಲಸವಿತ್ತು. ಹಗಲು ಕರೆಂಟ್ ನೆಚ್ಚುವಂತಿರಲಿಲ್ಲ. ಅದೂ ಅಲ್ಲದೆ ಆ ಕೆಲಸ ನಡೆಯುವಾಗ ಯಾರೂ ಒಳಗೆ ಇರಬಾರದು. ಒಬ್ಬನೇ ಒಬ್ಬ ಇದ್ದರೂ ಯಂತ್ರ ಕೆಲಸ ಶುರು ಮಾಡುವುದಿಲ್ಲ. ಆದ್ದರಿಂದ ರಾತ್ರಿ ಮಾಡಲು ಹೇಳಿದ್ದರು. ಮರುದಿನ ಸಾಹೇಬರಿಗೆ ಅದು ಸಿದ್ಧವಿರಲೇಬೇಕಿತ್ತು. ಆಗದಿದ್ದರೆ ನನ್ನ ನೌಕರಿ ಪಕ್ಕಾ ಆಗುವ ಮಾತು ಮತ್ತೆ ಮುಂದಕ್ಕೆ ಹೋಗುತ್ತಿತ್ತು.

ಊಟ ಮುಗಿಸಿ ಬಂದೆ. ಮೇನ್ ಗೇಟಿನಲ್ಲಿ ವಾಚ್‌ಮನ್ ಯಲ್ಲಪ್ಪ ಕಂಬಳಿ ಹೊದ್ದು ರೇಡಿಯೋ ಕಿವಿಗೆ ಹಿಡಿದು ಕೂತಿದ್ದ. ಆ ಇಡೀ ಆವರಣದಲ್ಲಿ ಇದ್ದವರು ನಾವಿಬ್ಬರೇ.

ಖೋಲಿಯ ಬಾಗಿಲು ಹಾಕಿಕೊಂಡೆ. ಹೊರಗೆ ಎಲ್ಲೋ ಸಡಿಲವಾದ ತಗಡು ಗಾಳಿಗೆ ಬಡಿದುಕೊಳ್ಳುತ್ತಿತ್ತು… ಧಡ್… ಸ್ವಲ್ಪ ಬಿಟ್ಟು ಮತ್ತೆ ಧಡ್. ಪಟ್ಟಿ ತೆಗೆದು ನೋಡಿದೆ. ನನ್ನ ಹೆಸರೊಂದೇ ಇತ್ತು. ಕೆಲಸ ಶುರು ಮಾಡಲು ಆಜ್ಞೆ ಕೊಟ್ಟೆ.

ಯಂತ್ರ ಒಪ್ಪಲಿಲ್ಲ. ‘ಬೇರೊಬ್ಬರು ಒಳಗಿದ್ದಾರೆ’ ಎಂದು ತೋರಿಸಿತು.

ಮತ್ತೆ ಪಟ್ಟಿ ತೆಗೆದೆ. ನನ್ನ ಹೆಸರಿನ ಕೆಳಗೆ ಇನ್ನೊಂದು ಹೆಸರಿತ್ತು. ಶಿವಲಿಂಗಪ್ಪ. ಜಾಗ, ಕಾಟಾ.

ಹೆಸರಿನ ಮುಂದೆ ಚುಕ್ಕಿ.

ಮೊದಲು ನನಗೆ ಹೆದರಿಕೆಯೇನೂ ಆಗಲಿಲ್ಲ. ನಿಜ ಹೇಳಬೇಕೆಂದರೆ ಖುಷಿಯಾಯಿತು. ಏನೋ ಕೆಲಸಕ್ಕೆ ಬಂದಿರಬೇಕು, ಚಹಾ ಮಾಡಿಸಿ ನಾಲ್ಕು ಮಾತಾಡಬಹುದು ಎಂದುಕೊಂಡೆ. ಇಂಟರ್‌ಕಾಮ್‌ನಲ್ಲಿ ಗೇಟಿಗೆ ಫೋನ್ ಮಾಡಿದೆ.

“ಯಲ್ಲಪ್ಪಾ, ಶಿವಲಿಂಗಪ್ಪ ಕಾಕಾ ಯಾವಾಗ ಬಂದ್ರೋ?”

“ಯಾರ್ರಿ? ಕಾಟಾದ ಶಿವಲಿಂಗಪ್ಪನ? ಯಾರೂ ಬಂದಿಲ್ರಿ ಸಾಹೇಬ್ರ. ಗೇಟಿಗೆ ಕೀಲಿ ಹಾಕಿದ್ದು ಹಾಕಿದಂಗ ಐತಿ.”

“ಕಾಟಾದ ಖೋಲಿ ಯಾರರ ತಗದಾರೇನು?”

“ಅದರ ಕೀಲಿಕೈ ನನ್ನ ಕೊಳ್ಳಾಗ ಐತ್ರಿ!”

ಫೋನ್ ಇಟ್ಟೆ. ಬೇರೆ ಯಾರಿಗೋ ಅವರ ಪಾಸ್‌ವರ್ಡ್ ಗೊತ್ತಾಗಿ ತಮಾಷೆ ಮಾಡುತ್ತಿರಬಹುದು ಎನ್ನಿಸಿತು. ಮತ್ತೆ ತೂಕ ತಿದ್ದುವವನೇ ಇರಬಹುದು. ಒಬ್ಬರನ್ನು ಬಲವಂತವಾಗಿ ಹೊರಗೆ ಹಾಕುವ ಅಧಿಕಾರ ನನಗಿತ್ತು. ನಮ್ಮ ಕಸುಬಿನಲ್ಲಿ ಅದಕ್ಕೆ ಕಿಲ್ ಮಾಡುವುದು ಅಂತಲೇ ಹೆಸರು. ದಿನಾ ಬಳಸುವ ಮಾತು, ಅದರ ಅರ್ಥದ ಕಡೆ ಯಾವತ್ತೂ ಗಮನ ಹೋಗಿರಲಿಲ್ಲ.

ಕಿಲ್ ಮಾಡಿದೆ. ಹೆಸರು ಮಾಯವಾಯಿತು.

ಉಸಿರು ಬಿಟ್ಟು ಕೆಲಸ ಶುರು ಮಾಡಲು ಹೋದೆ. ಅಷ್ಟರಲ್ಲಿ ಹೆಸರು ಮತ್ತೆ ಬಂದಿತ್ತು… ಅದೇ ಜಾಗ. ಅದೇ ಚುಕ್ಕಿ.

ಒಂದು ಪರದೆಯಿಂದ ಇನ್ನೊಂದಕ್ಕೆ ಎರಡು ಮಾತು ಬರೆದು ಕಳಿಸುವ ಸೌಕರ್ಯ ಆಗಲೂ ಇತ್ತು. ಇಂಗ್ಲಿಷ್ ಅಕ್ಷರಗಳಲ್ಲೇ ಕನ್ನಡ ಬರೆದೆ: “ಯಾರದು?”

ಉತ್ತರವಾಗಿ ಒಂದು ಖಾಲಿ ಸಾಲು ಬಂತು. ಎಂಟರ್ ಕೀಲಿ ಒತ್ತಿದರೆ ಬರುತ್ತದಲ್ಲ, ಅಂಥದ್ದು.

“ಕಾಕಾ, ನೀವೇನು?”

ಖಾಲಿ ಸಾಲು. ಅದರ ಹಿಂದೆ ಇನ್ನೊಂದು. ಮತ್ತೊಂದು. ನನ್ನ ಪರದೆ ಖಾಲಿ ಸಾಲುಗಳಿಂದ ಮೇಲೆ ಮೇಲೆ ಸರಿಯತೊಡಗಿತು. ಯಾರೋ ಆತುರಾತುರವಾಗಿ, ಬೇರೇನೂ ತೋಚದೆ ಆ ಒಂದೇ ಕೀಲಿಯನ್ನು ಒತ್ತುತ್ತಿದ್ದರು.

ಆಗ ನನಗೆ ಮೊದಲ ಬಾರಿ ಹೆದರಿಕೆಯಾಯಿತು. ಹೆದರಿಕೆಯಲ್ಲಿ ಮನುಷ್ಯ ಯೋಚಿಸುವುದಿಲ್ಲ. ಎರಡನೇ ಸಲ ಕಿಲ್ ಮಾಡಿದೆ.

ಈ ಸಲ ಹೆಸರು ಕೂಡಲೇ ಬರಲಿಲ್ಲ. ಹೊರಗಿನ ತಗಡು ಕೂಡ ಸುಮ್ಮನಾಯಿತು. ಎಸಿ ಗುಂಯ್‌ಗುಡುತ್ತಿತ್ತು. ನಾನು ಪಟ್ಟಿಯನ್ನು ಮತ್ತೆ ಮತ್ತೆ ತೆಗೆದು ನೋಡುತ್ತಿದ್ದೆ. ನನ್ನದೊಂದೇ ಹೆಸರು… ನನ್ನದೊಂದೇ… ಕೆಲಸ ಶುರು ಮಾಡಬಹುದಿತ್ತು. ಯಾಕೋ ಕೈ ಬರಲಿಲ್ಲ. ಬರಲಿ ಎಂದು ಕಾಯುತ್ತಿದ್ದೆನೋ, ಬರದಿರಲಿ ಎಂದು ಕಾಯುತ್ತಿದ್ದೆನೋ, ಈಗಲೂ ಹೇಳಲಾರೆ.

ಬಂತು. ಶಿವಲಿಂಗಪ್ಪ. ಕಾಟಾ. ಚುಕ್ಕಿ.

ಬಾಗಿಲು ತೆಗೆದು ಗೇಟಿನ ತನಕ ಓಡಿದೆ. ಯಲ್ಲಪ್ಪ ನನ್ನ ಮುಖ ನೋಡಿ ಬ್ಯಾಟರಿ, ಬಡಿಗೆ ತೆಗೆದುಕೊಂಡು ಎದ್ದ. ಕಬ್ಬಿನ ಸಿಪ್ಪೆಯ ದೊಡ್ಡ ಗುಡ್ಡೆ ದಾಟಿ, ಗಾಡಿಗಳು ನಿಲ್ಲುವ ಬಯಲಿಗೆ ಬಂದೆವು. ಹಂಗಾಮಿನಲ್ಲಿ ಎತ್ತು, ಟ್ರ್ಯಾಕ್ಟರುಗಳಿಂದ ಕಾಲಿಡಲು ಜಾಗವಿಲ್ಲದ ಬಯಲು ಅದು. ಈಗ ಅಲ್ಲಿ ಗಾಳಿಗೆ ರವದಿ, ಅಂದರೆ ಕಬ್ಬಿನ ಒಣ ಗರಿ, ಉರುಳುವ ಸದ್ದು ಬಿಟ್ಟರೆ ಏನೂ ಇರಲಿಲ್ಲ.

ಯಲ್ಲಪ್ಪ ನನ್ನ ತೋಳು ಹಿಡಿದು ನಿಲ್ಲಿಸಿದ.

“ಸಾಹೇಬ್ರ… ಕಿಡಕಿ ನೋಡ್ರಿ.”

ಬಯಲಿನ ಆ ತುದಿಯಲ್ಲಿ ಕಾಟಾದ ಖೋಲಿ. ಅದರ ಕಿಟಕಿಯ ಗಾಜಿನಲ್ಲಿ ತೆಳುವಾದ ಹಸಿರು ಬೆಳಕು. ಆ ಕಾಲದ ಪರದೆಗಳ ಅಕ್ಷರವೆಲ್ಲ ಹಸಿರೇ. ಪರದೆ ಚಾಲೂ ಇದ್ದರೆ ಬೀಳುವ ಬೆಳಕು ಅಷ್ಟೇ, ಅದೇ ಬಣ್ಣ.

ನಾವು ಹತ್ತಿರ ಹೋದ ಹಾಗೆ ಅದು ಮಂಕಾಯಿತು. ಬಾಗಿಲಿಗೆ ಬರುವಷ್ಟರಲ್ಲಿ ಇರಲೇ ಇಲ್ಲ. ಬೀಗ ಹಾಕಿದ ಹಾಗೇ ಇತ್ತು, ಅದರ ಮೇಲೆ ಜೇಡರ ಬಲೆ. ಯಲ್ಲಪ್ಪ ಎರಡು ಹೆಜ್ಜೆ ಹಿಂದೆಯೇ ನಿಂತ. ಕೀಲಿಕೈ ನಾನೇ ಇಸಿದುಕೊಂಡು ಬಾಗಿಲು ತೆಗೆದೆ.

ಒಳಗೆ ಯಾರೂ ಇರಲಿಲ್ಲ. ಕುರ್ಚಿಯನ್ನು ಮೇಜಿನ ಮೇಲೆ ಬೋರಲು ಹಾಕಿತ್ತು. ಪರದೆಗೆ ಪ್ಲಾಸ್ಟಿಕ್ ಹಾಳೆ ಹೊದಿಸಿತ್ತು, ಮೇಲೆ ಧೂಳು. ಕೀಬೋರ್ಡು ಕಾಣಲಿಲ್ಲ. ಆಮೇಲೆ ನೆನಪಾಯಿತು, ಇಲಿ ಕಡಿಯುತ್ತದೆ ಎಂದು ಅದನ್ನು ಬಿಚ್ಚಿ ನಾನೇ ಸ್ಟೋರಿಗೆ ಕೊಟ್ಟಿದ್ದೆ. ದೊಡ್ಡ ಯಂತ್ರದಿಂದ ಬಂದ ತಂತಿಯನ್ನೂ ಸುತ್ತಿ ಗೋಡೆಯ ಮೊಳೆಗೆ ನೇತು ಹಾಕಿತ್ತು. ಅದು ಪರದೆಗೆ ಸೇರಿರಲೇ ಇಲ್ಲ.

ಅಲ್ಲಿ ಒಂದು ವಾಸನೆ ಇತ್ತು. ಬಹಳ ದಿನದಿಂದ ನಿಂತ ನೀರಿನದು, ಪಾಚಿ ಹಿಡಿದ ಕಲ್ಲಿನದು.

“ಇಲ್ಲಿ ನೀರ ಎಲ್ಲಿಂದ ಬರಬೇಕ್ರಿ?” ಯಲ್ಲಪ್ಪ ಪಿಸುಗುಟ್ಟಿದ. “ಒಂದ ನಳಾ ಸೈತ ಇಲ್ಲ ಈ ಕಡೆ.”

ಬ್ಯಾಟರಿಯ ಬೆಳಕು ನೆಲದ ಮೇಲೆ ಆಡಿಸಿದೆ. ನೆಲ ಒಣಗಿ ಬಿರಿದಿತ್ತು.

“ನಡೀರಿ. ಇಲ್ಲಿ ನಿಂದ್ರೂದು ಬ್ಯಾಡ,” ಎಂದು ಅವನು ನನ್ನನ್ನು ಎಳೆದೇ ಹೊರಗೆ ತಂದ. ಗೇಟಿಗೆ ಬಂದ ಮೇಲೆ, “ನೀವೂ ಇಲ್ಲೇ ಕುಂಡ್ರಿ ಸಾಹೇಬ್ರ, ಬೆಳಕ ಹರೀಲಿ,” ಎಂದ. ಕೂತುಬಿಡಬಹುದಿತ್ತು. ಆದರೆ ಕೆಲಸ ಬಾಕಿ ಇತ್ತು. ಒಬ್ಬನೇ ವಾಪಸು ಹೋದೆ.

ಹೆಸರು ಅಲ್ಲೇ ಇತ್ತು.

ಯಾವ ತಂತಿಯಿಂದ, ಯಾವ ಕೀಬೋರ್ಡಿನಿಂದ ಇದು ಬರುತ್ತಿದೆ? ತಂತಿ ಸಡಿಲವಿದ್ದರೆ ಕೆಲವೊಮ್ಮೆ ಪರದೆಯ ಮೇಲೆ ಅರ್ಥವಿಲ್ಲದ ಅಕ್ಷರ ಬೀಳುವುದುಂಟು. ಅದು ನನಗೂ ಗೊತ್ತು. ಆದರೆ ಸಡಿಲ ತಂತಿ ಒಬ್ಬ ಮನುಷ್ಯನ ಹೆಸರು ಬರೆದು, ಅವನ ಪಾಸ್‌ವರ್ಡ್ ಬರೆದು, ಅದೂ ಮೂರು ಸಲ ತಪ್ಪಿಲ್ಲದೆ ಒಳಗೆ ಬರುತ್ತದೆಯೇ?

ಮೂರನೇ ಸಲ ಕಿಲ್ ಮಾಡಲು ಎಲ್ಲ ಬರೆದೆ. ಎಂಟರ್ ಕೀಲಿಯ ಮೇಲೆ ಬೆರಳಿಟ್ಟೆ. ಪರದೆಯ ಮೇಲೆ ಒಂದು ಖಾಲಿ ಸಾಲು ಸರಿಯಿತು. ಮೊದಲಿನ ಆತುರ ಇರಲಿಲ್ಲ. ಬಾಗಿಲನ್ನು ಮೆಲ್ಲಗೆ ಒಮ್ಮೆ ತಟ್ಟಿದ ಹಾಗಿತ್ತು. ಇಡೀ ರಾತ್ರಿಯಲ್ಲಿ, ಇಡೀ ಆ ತಿಂಗಳಲ್ಲಿ, ನಾನು ಇದ್ದೇನೆ ಎಂದು ಗೊತ್ತಿದ್ದು ನನ್ನ ಕಡೆಗೆ ತಿರುಗಿದ್ದು ಅದೊಂದೇ ಎನ್ನಿಸಿತು.

ಬರೆದದ್ದನ್ನು ಅಳಿಸಿಬಿಟ್ಟೆ.

ಆಮೇಲೆ ನಾನು ಸುಮ್ಮನೆ ಕೂತು ಆ ಚುಕ್ಕಿಯನ್ನು ನೋಡುತ್ತಿದ್ದೆ. ಕೆಲಸ ಹಾಳಾಯಿತು, ನೌಕರಿ ಪಕ್ಕಾ ಆಗುವುದಿಲ್ಲ, ಗೊತ್ತಿತ್ತು. ಚುಕ್ಕಿ ಅಂಕಿಯಾಗುತ್ತಿತ್ತು, ಒಂದು, ಎರಡು… ಮತ್ತೆ ಚುಕ್ಕಿ. ಹೊತ್ತು ಹೋದ ಹಾಗೆ ಅಂಕಿ ದೊಡ್ಡದಾಗತೊಡಗಿತು. ನಾಲ್ಕಕ್ಕೆ ಹೋಗಿ ಚುಕ್ಕಿ. ಆರಕ್ಕೆ ಹೋಗಿ ಚುಕ್ಕಿ. ಒತ್ತುವವರು ಯಾರೇ ಇರಲಿ, ದಣಿಯುತ್ತಿದ್ದರು. ಅದು ಕಣ್ಣಿಗೆ ಕಾಣುತ್ತಿತ್ತು. ಖೋಲಿಯ ತುಂಬ ಆ ನಿಂತ ನೀರಿನ ವಾಸನೆ ಮೆಲ್ಲಗೆ ಬಂದು ತುಂಬಿತು…

“ಒತ್ತರಿ ಕಾಕಾ,” ಎಂದೆ ನಾನು. ಗಟ್ಟಿಯಾಗಿಯೇ ಅಂದೆ. “ಒಂದ ಕೀಲಿ ಒತ್ತರಿ.”

ಒಂಬತ್ತಕ್ಕೆ ಹೋಗಿ, ಇನ್ನೇನು ಮುಗಿಯಿತು ಎನ್ನುವಾಗ ಚುಕ್ಕಿ ಬಂತು.

ಮತ್ತೆ ಅಂಕಿ ಏರಿತು. ಐದು. ಏಳು. ಎಂಟು. ಇನ್ನು ಒತ್ತಲಾರರು ಎಂದು ನನಗೆ ಹೇಗೋ ಖಚಿತವಾಗಿತ್ತು. ಹತ್ತಾದ ಕೂಡಲೇ ಬೆಳಗಾವಿಯ ಪ್ರೋಗ್ರಾಂ ಅವರನ್ನು ಹೊರಗೆ ಹಾಕುತ್ತದೆ. ಅದಕ್ಕೆ ಯಾರಿದ್ದರೇನು, ಯಾರ ಜೀವವಾದರೇನು.

ಮುಂದಿನದು ನನಗೆ ಸರಿಯಾಗಿ ನೆನಪಿಲ್ಲ. ನನ್ನ ಬೆರಳುಗಳು ಕೀಬೋರ್ಡಿನ ಮೇಲೆ ಓಡುತ್ತಿದ್ದವು. ಯಂತ್ರ ಏನೋ ಕೇಳಿತು, ನಾನು ಏನೋ ಬರೆದೆ. ಆ ಪ್ರೋಗ್ರಾಂ ನಿಂತಿತು. ಅಷ್ಟು ಗೊತ್ತು.

ಅಂಕಿ ಹತ್ತು ದಾಟಿತು. ಪೀಂ ಪೀಂ ಇಲ್ಲ. ಹನ್ನೊಂದು. ಹದಿನೈದು. ಹೆಸರು ಮಾತ್ರ ಕದಲಲಿಲ್ಲ. ಮುಂದೆ ಚುಕ್ಕಿ ಬರಲೇ ಇಲ್ಲ. ಆದರೆ ಹೊರಗೆ ಹಾಕುವವರೂ ಯಾರೂ ಇರಲಿಲ್ಲ. ನಾನು ಕುರ್ಚಿ ಬಿಟ್ಟು ಏಳಲಿಲ್ಲ.

ಘಟಪ್ರಭಾ ಸ್ಟೇಷನ್ ಕಡೆಯಿಂದ ಬೆಳಗಿನ ಗಾಡಿಯ ಸೀಟಿ ಕೇಳಿಸಿತು. ಪಾರಿವಾಳಗಳು ಗುಟುರು ಹಾಕತೊಡಗಿದವು. ನಾನು ಒಮ್ಮೆ ಕಿಟಕಿಯತ್ತ ನೋಡಿ ತಿರುಗಿದೆ. ಹೆಸರು ಇರಲಿಲ್ಲ. ಎಲ್ಲರೂ ಹೇಗೆ ಹೊರಗೆ ಬರಬೇಕೋ ಹಾಗೆ, ತಾನೇ ಒಪ್ಪವಾಗಿ ಹೊರಗೆ ಬಂದಿತ್ತು.

ಗೇಟಿನಲ್ಲಿ ಯಲ್ಲಪ್ಪ ನಿದ್ದೆ ಮಾಡಿರಲಿಲ್ಲ. “ಸಾಹೇಬ್ರ, ಮಮದಾಪುರಕ್ಕ ಒಮ್ಮಿ ಹೋಗಿ ಬರ್ರಿ,” ಎಂದ. “ನಾ ಏನೂ ಅನ್ನೂದಿಲ್ಲ. ಹೋಗಿ ಬರ್ರಿ ಅಷ್ಟ.”

ನನ್ನ ಮೋಟರ್‌ಸೈಕಲ್ ಹತ್ತಿ ಹೊರಟೆ. ದಾರಿಯುದ್ದಕ್ಕೂ ಒಂದೇ ವಿಚಾರ: ಮನೆಯ ಮುಂದೆ ಜನ ಸೇರಿದ್ದರೆ ಏನೆಂದು ಕೇಳಲಿ? ಊರೊಳಗೆ ಹೊಕ್ಕು ಅವರ ಓಣಿಗೆ ತಿರುಗಿದೆ. ಮನೆಯ ಮುಂದೆ ಜನ ಸೇರಿದ್ದರು.

ಕಾಲು ಎಳೆಯುತ್ತ ಒಳಗೆ ಹೋದೆ. ಪಡಸಾಲೆಯಲ್ಲಿ ಶಿವಲಿಂಗಪ್ಪ ಎರಡು ಕಂಬಳಿ ಹೊದ್ದು, ಗೋಡೆಗೆ ಒರಗಿ ಕೂತಿದ್ದರು. ಒಂದು ಕಾಲಿಗೆ ಬಡಿಗೆ ಕಟ್ಟಿ ಬಟ್ಟೆ ಸುತ್ತಿತ್ತು. ಹೆಂಡತಿ ಗಂಗವ್ವ ಬಸಿಯಲ್ಲಿ ಚಹಾ ಹಿಡಿದು ಕುಡಿಸುತ್ತಿದ್ದಳು. ಹಣೆಯ ಮೇಲೆ ವಿಭೂತಿ ಇರಲಿಲ್ಲ. ಅವರನ್ನು ವಿಭೂತಿ ಇಲ್ಲದೆ ನಾನು ನೋಡಿದ್ದು ಅದೇ ಮೊದಲು.

ನಾನು ಹೊಸ್ತಿಲಲ್ಲೇ ಕೂತೆ.

“ಬರ್ರಿ ಸಾಹೇಬ್ರ, ಒಳಗ ಬರ್ರಿ. ನಿಮಗ ಯಾರ ಸುದ್ದಿ ಮುಟ್ಟಿಸಿದ್ರು?” ಎಂದಳು ಗಂಗವ್ವ. ನಾನು ಉತ್ತರಿಸುವ ಮೊದಲೇ ಅವಳು ಅಳುತ್ತ ಹೇಳತೊಡಗಿದಳು. “ನಿನ್ನಿ ರಾತ್ರಿ ಕರೆಂಟ್ ಬಂತಂತ ಮೋಟರ್ ಚಾಲೂ ಮಾಡಾಕ ತ್ವಾಟಕ್ಕ ಹೋಗಿದ್ರರಿ. ಬಾಂವಿ ದಂಡಿ ಕಲ್ಲ ಜಾರಿ ಒಳಗ ಬಿದ್ದಾರ. ಮೆಟ್ಟಲ ಇಲ್ಲದ ಬಾಂವಿ. ಕಾಲ ಮುರದಿತ್ತು. ನಾ ತ್ವಾಟದಾಗ ಮಲಗ್ಯಾರ ಅನಕೊಂಡಿದ್ದೆ… ಬೆಳಕ ಹರಿಯೂ ಮುಂದ ಚಾ ತೊಗೊಂಡ ಹೋದಾಗ ನೋಡಿದೆ. ಇಡೀ ರಾತ್ರಿ ಮೋಟರಿನ ಪೈಪ ಹಿಡಕೊಂಡ ನೀರಾಗ ಇದ್ದಾರರಿ!”

ಅವಳು ಹತ್ತಿರ ಬಂದಾಗ ಅವಳ ಒದ್ದೆ ಸೆರಗಿನಿಂದ ಅದೇ ವಾಸನೆ ಬಂತು. ನಿಂತ ನೀರು, ಪಾಚಿ.

ಶಿವಲಿಂಗಪ್ಪ ನನ್ನನ್ನೇ ನೋಡುತ್ತಿದ್ದರು. ದನಿ ಬಿದ್ದುಹೋಗಿತ್ತು. ನಿಲ್ಲಿಸಿ ನಿಲ್ಲಿಸಿ ಮಾತಾಡಿದರು.

“ಒದರಿ ಒದರಿ ಗಂಟಲ ಹೋತು. ಗಾಳಿ… ಯಾರಿಗೂ ಕೇಳಲಿಲ್ಲ. ಕತ್ತಲಾಗ ಒಂದ ಹಸರ ಬೆಳಕ ಕಾಣಾಕತ್ತಿತು. ಕಾಟಾದಾಗ ಕುಂತೇನಿ ಅಂತ ಅನಸ್ತು ನನಗ. ಸುಮ್ಮ ಇದ್ರ ಹೊರಗ ಹಾಕತಾರ, ಕೈ ಆಡಸ್ಬೇಕು, ಕೈ ಆಡಸ್ಬೇಕು… ಅದೊಂದ ತಲ್ಯಾಗ.”

“ಮಾತಾಡಬ್ಯಾಡ್ರಿ, ದಣಿವಾಗತೈತಿ,” ಎಂದಳು ಗಂಗವ್ವ.

“ಎರಡ ಸಲ ಯಾರೋ ನನ್ನ ಕೈ ಬಿಡಿಸಿದ್ರು,” ಎಂದರು ಅವರು. “ತಾನ ಜಾರಿದ್ದಲ್ಲ. ಬೆರಳ ಹಿಡದ ಬಿಡಿಸಿದಂಗ. ಎರಡೂ ಸಲ ತಳಕ್ಕ ಹೋದೆ. ನೀರ ಕುಡದೆ. ಎರಡನೇ ಸಲ ಮ್ಯಾಲ ಬರಾಕ ಭಾಳ ಹೊತ್ತ ಆತು…”

ನಾನು ನನ್ನ ಬೆರಳುಗಳನ್ನು ನೋಡಿಕೊಂಡೆ.

“ಕಡೀಕ ಕೈಯಾಗ ಜೀವ ಇರಲಿಲ್ಲ. ಇನ್ನ ಆಗೂದಿಲ್ಲ ಅಂತ ನಾನ ಬಿಟ್ಟೆ. ಖರೆ ಹೇಳತೇನಿ, ಬಿಟ್ಟೆ. ಬಿಟ್ರೂ ಮುಳುಗಲಿಲ್ಲ.”

“ಧೋತರ ಪೈಪಿನ ಬೋಲ್ಟಿಗೆ ಸಿಕ್ಕೊಂಡಿತ್ತು,” ಎಂದ ಬಾಜೂ ನಿಂತಿದ್ದ ಓಣಿಯವನೊಬ್ಬ. “ನಾವ ಹಗ್ಗ ಬಿಟ್ಟ ಮ್ಯಾಲೆತ್ತಿದಾಗ ಅದನ್ನ ಹರದ ಬಿಡಿಸಬೇಕಾತು.”

ಹೌದಿರಬಹುದು. ಧೋತರವೇ ಇರಬಹುದು.

ದವಾಖಾನೆಗೆ ಒಯ್ಯಲು ಜೀಪು ಬಂತು. ಜನ ಅದರಲ್ಲಿ ಹಾಸಿಗೆ ಹಾಸುತ್ತಿದ್ದರು, ಗಂಗವ್ವ ಬಟ್ಟೆ ತರಲು ಒಳಗೆ ಹೋದಳು. ಪಡಸಾಲೆಯಲ್ಲಿ ನಾವಿಬ್ಬರೇ ಉಳಿದಾಗ ಅವರು ಕೈ ಸನ್ನೆ ಮಾಡಿ ನನ್ನನ್ನು ಹತ್ತಿರ ಕರೆದರು. ನಾನು ರಾತ್ರಿಯ ಒಂದು ಮಾತನ್ನೂ ಅಲ್ಲಿ ಬಾಯಿಬಿಟ್ಟು ಹೇಳಿರಲಿಲ್ಲ. ಯಲ್ಲಪ್ಪನಿಗೆ ಕೂಡ ಕಿಲ್ ಮಾಡಿದ್ದನ್ನು ಹೇಳಿರಲಿಲ್ಲ.

“ತಮ್ಮಾ,” ಎಂದರು. ಯಾವಾಗಲೂ ಸಾಹೇಬ್ರ ಎನ್ನುವವರು. “ಎರಡ ಸಲ ಬಿಡಿಸಿದ ಕೈಯೂ, ಕಡೀಕ ಹಿಡದ ಕೈಯೂ… ಎರಡೂ ಒಂದ ಇದ್ದುವು ನೋಡು.”

ಸಿಟ್ಟಿನ ಸುಳಿವಿರಲಿಲ್ಲ, ಕೇಳುವ ದನಿಯೂ ಅಲ್ಲ. ಹೇಳಿ ಕಣ್ಣು ಮುಚ್ಚಿಕೊಂಡರು.

ಶಿವಲಿಂಗಪ್ಪ ಬದುಕಿದರು. ಮುಂದಿನ ಹಂಗಾಮಿಗೆ ಊರುಗೋಲು ಹಿಡಿದು ಕಾಟಾಕ್ಕೆ ಬಂದು ಕೂತರು, ನಿವೃತ್ತಿಯಾಗುವ ತನಕ ಕೂತರು. ಆ ರಾತ್ರಿಯ ಮಾತನ್ನು ಅವರೂ ಮತ್ತೆ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಆದರೆ ಅಂದು ಮಧ್ಯಾಹ್ನ ಕಾರ್ಖಾನೆಗೆ ಮರಳಿದ ಮೇಲೆ ನಡೆದದ್ದನ್ನು ಹೇಳಿಬಿಡುತ್ತೇನೆ. ಅದನ್ನು ಹೇಳದಿದ್ದರೆ ಈ ಅನುಭವ ಪೂರ್ತಿಯಾಗುವುದಿಲ್ಲ.

ನಿಲ್ಲಿಸಿದ್ದ ಪ್ರೋಗ್ರಾಂ ಮತ್ತೆ ಶುರು ಮಾಡಲು ಕೂತೆ. ಯಂತ್ರ ಪಾಸ್‌ವರ್ಡ್ ಕೇಳಿತು. ನನ್ನದನ್ನು ಕೊಟ್ಟೆ, ಒಪ್ಪಲಿಲ್ಲ. ಇನ್ನೊಮ್ಮೆ ಕೊಟ್ಟೆ, ಒಪ್ಪಲಿಲ್ಲ. ಬೆಳಗಾವಿಯ ಎಂಜಿನಿಯರಿಗೆ ಫೋನ್ ಮಾಡಿದೆ.

“ನಿಮ್ಮದ ಹೆಂಗ ನಡೀತೈತ್ರಿ?” ಎಂದು ಅವರು ನಕ್ಕರು. “ಆ ಪ್ರೋಗ್ರಾಂ ಚಾಲೂ ಮಾಡಾಕರ, ಬಂದ್ ಮಾಡಾಕರ ನನ್ನ ಪಾಸ್‌ವರ್ಡ್ ಬೇಕು. ಅದನ್ನ ನಾ ಯಾರಿಗೂ ಕೊಟ್ಟಿಲ್ಲ, ನಿಮ್ಮ ಸಾಹೇಬರಿಗೂ ಕೊಟ್ಟಿಲ್ಲ. ಎಲ್ಲೂ ಬರದೂ ಇಟ್ಟಿಲ್ಲ. ಯಾಕ, ಬಂದ್ ಬಿದ್ದೈತೇ?”

“ಹೌದ್ರಿ… ರಾತ್ರಿ ನಾನ ಬಂದ್ ಮಾಡಿದೆ.”

ಆ ಕಡೆ ನಗು ನಿಂತಿತು.

“ಭರತೇಶ,” ಎಂದರು ಎಂಜಿನಿಯರ್, ದನಿ ಇಳಿಸಿ. “ನಿಮಗ ಪಾಸ್‌ವರ್ಡ್ ಯಾರ ಹೇಳಿದ್ರು?”

ಎಷ್ಟೋ ವರ್ಷವಾಯಿತು. ಇವತ್ತಿಗೂ ನನ್ನ ಬೆರಳುಗಳು ಆ ರಾತ್ರಿ ಏನು ಬರೆದವು ಎಂದು ನನಗೆ ಗೊತ್ತಿಲ್ಲ.